ಪಾಚಿಯ ಏರು, ಘಾಟಿಯ ತಿರುವು: ಮಳೆಯೂರಿನ ಕಾರಿಗೆ ಎಲ್‌ಎಸ್‌ಡಿ ಆರಿಸುವುದು ಹೇಗೆ?

ಆಟಿ ತಿಂಗಳ ಮಳೆಯಲ್ಲಿ ನಮ್ಮ ಮನೆಯ ಏರು ಹತ್ತುವುದೇ ಒಂದು ಪರೀಕ್ಷೆ. ಮಂಗಳೂರಿನ ಗುಡ್ಡದ ಮನೆಗಳನ್ನು ಕಂಡವರಿಗೆ ಇದು ಗೊತ್ತು. ಗೇಟಿನಿಂದ ಅಂಗಳದವರೆಗೆ ಕಡಿದಾದ ದಾರಿ. ಒಂದು ಬದಿಗೆ ಕಾಂಕ್ರೀಟು, ಇನ್ನೊಂದು ಬದಿಗೆ ಮುರಕಲ್ಲು, ಕಲ್ಲಿನ ಮೇಲೆ ಹಸಿರು ಪಾಚಿ. ಸೆಕೆಂಡ್ ಹ್ಯಾಂಡಲ್ಲಿ ತಂದ ನನ್ನ ಸೆಡಾನಿಗೆ ಎಂಜಿನ್ ಶಕ್ತಿಗೇನೂ ಕಡಿಮೆ ಇಲ್ಲ. ಆದರೆ ಆ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಎಡಗಡೆಯ ಚಕ್ರ ಪಾಚಿಯ ಮೇಲೆ ಗಿರ್ರನೆ ತಿರುಗುತ್ತಿತ್ತು. ಬಲಗಡೆಯದ್ದು ಗಟ್ಟಿ ಕಾಂಕ್ರೀಟಿನ ಮೇಲಿದ್ದೂ ಅಲುಗುತ್ತಿರಲಿಲ್ಲ. ಪಕ್ಕದ ಮನೆಯ ಅಣ್ಣ ಕೊಡೆ ಹಿಡಿದು ನೋಡುತ್ತಾ, "ಎಂತ ಮಾರಾಯ, ಇಷ್ಟು ದೊಡ್ಡ ಎಂಜಿನ್ ಇದ್ದು ಎಂತ ಪ್ರಯೋಜನ? ನನ್ನ ರಿಕ್ಷಾ ಹತ್ತುತ್ತದಲ್ಲ!" ಅಂದರು. ಅವರ ರಿಕ್ಷಾದಲ್ಲೂ ಒಂದು ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆ) ಇದೆ, ಅದೂ ಪಾಚಿಯಲ್ಲಿ ಹೀಗೇ ಆಡುತ್ತದೆ ಎಂದು ಹೇಳುವ ಧೈರ್ಯ ಆಗಲಿಲ್ಲ.

ಅಲ್ಲಿಂದ ಶುರುವಾದದ್ದು ನನ್ನ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹುಚ್ಚು. ಒಂದೇ ಚಕ್ರ ಸುಮ್ನೆ ತಿರುಗುವುದನ್ನು ತಡೆದು, ಹಿಡಿತ ಇರುವ ಚಕ್ರಕ್ಕೂ ಶಕ್ತಿ ಕಳುಹಿಸುವ ಡಿಫರೆನ್ಷಿಯಲ್ ಅದು. ಎಲ್ಲರೂ ಅದನ್ನು ಎಲ್‌ಎಸ್‌ಡಿ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಕಲಿತದ್ದನ್ನು, ಕೈ ಸುಟ್ಟುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಎಲ್‌ಎಸ್‌ಡಿ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ರೇಸ್ ಟ್ರ್ಯಾಕಿನಲ್ಲಿ ಹುಟ್ಟಿದವು. ನಾವಿರುವುದು ವರ್ಷಕ್ಕೆ ಮೂರೂವರೆ ಮೀಟರಿನಷ್ಟು ಮಳೆ ಸುರಿಯುವ ಕರಾವಳಿಯಲ್ಲಿ. ಇಲ್ಲಿ ಆರಿಸಬೇಕಾದದ್ದು ಮಳೆಗಾಲಕ್ಕೆ ಹೊಂದುವ ಡಿಫ್. ಬೇಸಿಗೆಗೆ ಅದು ಸಾಕಾಗುತ್ತದೆ. ಬೇಸಿಗೆಗೆ ಅಂತ ಆರಿಸಿದ್ದು ಮಳೆಗೆ ಹೊಂದುವುದಿಲ್ಲ.

ಮೊದಲು ಕಾಯಿಲೆ ಯಾವುದು ನೋಡಿ

ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಒಳಗಿನದು ಕಡಿಮೆ. ಅದಕ್ಕಾಗಿಯೇ ಡಿಫರೆನ್ಷಿಯಲ್ ಇರುವುದು. ಸಾಮಾನ್ಯ ಡಿಫ್, ಅಂದರೆ ಓಪನ್ ಡಿಫ್, ಎರಡೂ ಚಕ್ರಗಳಿಗೆ ಸಮ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಕೇಳಲು ನ್ಯಾಯವಾಗಿಯೇ ಇದೆ, ತೊಂದರೆ ಇರುವುದೂ ಅಲ್ಲೇ. ಪಾಚಿಯ ಮೇಲಿನ ಚಕ್ರ 200 ನ್ಯೂಟನ್ ಮೀಟರ್ ಮಾತ್ರ ತಡೆಯಬಲ್ಲದು ಅಂತಿಟ್ಟುಕೊಳ್ಳಿ. ಆಗ ಕಾಂಕ್ರೀಟಿನ ಮೇಲಿನ ಚಕ್ರಕ್ಕೂ 200 ಮಾತ್ರ ಸಿಗುತ್ತದೆ. ಒಟ್ಟು 400. ಎಂಜಿನ್ ಎಷ್ಟು ದೊಡ್ಡದಿದ್ದರೂ ಇಷ್ಟೇ.

ಆದರೆ ಚಕ್ರ ಸುಮ್ನೆ ತಿರುಗಿದ್ದಕ್ಕೆಲ್ಲ ಡಿಫ್ ಕಾರಣ ಅಲ್ಲ. ಎರಡೂ ಹಿಂಚಕ್ರಗಳು ಒಟ್ಟಿಗೆ ಜಾರುತ್ತಿದ್ದರೆ ಅದು ಟೈರಿನ ಸಮಸ್ಯೆ, ಇಲ್ಲವೇ ನಿಮ್ಮ ಬಲಗಾಲಿನದ್ದು. ಎಲ್‌ಎಸ್‌ಡಿ ಹಾಕಿದರೂ ಅದು ಹೋಗುವುದಿಲ್ಲ. ಒಂದೇ ಚಕ್ರ, ಅದರಲ್ಲೂ ತಿರುವಿನಿಂದ ಹೊರಬರುವಾಗ ಒಳಗಿನ ಚಕ್ರ ಜಾರುತ್ತಿದ್ದರೆ ಮಾತ್ರ ಮುಂದೆ ಓದಿ.

ಅದಕ್ಕೂ ಮೊದಲು ಟೈರಿನ ಪಕ್ಕದಲ್ಲಿ ಅಚ್ಚಾದ ಸಂಖ್ಯೆ ನೋಡಿ. ಕೊನೆಯ ನಾಲ್ಕು ಅಂಕಿ 2319 ಅಂತಿದ್ದರೆ ಆ ಟೈರ್ 2019ರ 23ನೇ ವಾರದಲ್ಲಿ ತಯಾರಾದದ್ದು. ಟ್ರೆಡ್, ಅಂದರೆ ಟೈರಿನ ಮೈಮೇಲಿನ ಗೀರುಗಳು, ಚೆನ್ನಾಗಿ ಕಂಡರೂ ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ. ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಜೂನ್ ಮೊದಲ ಮಳೆಗೆ, ಕಾಂಕ್ರೀಟ್ ರಸ್ತೆಯ ಮೇಲೆ ನಾಲ್ಕು ತಿಂಗಳ ಎಣ್ಣೆ ಧೂಳು ಕದಡಿದಾಗ ಗೊತ್ತಾಗುತ್ತದೆ. ಟ್ರೆಡ್ ಆಳ 1.6 ಮಿಲಿಮೀಟರಿಗೆ ಇಳಿಯುವವರೆಗೆ ಓಡಿಸಬಹುದು ಅನ್ನುವುದು ಕಾನೂನಿನ ಲೆಕ್ಕ. ನಮ್ಮ ಮಳೆಗೆ ನಾನಾದರೆ 3 ಮಿಲಿಮೀಟರಿಗೇ ಬದಲಾಯಿಸುತ್ತೇನೆ. ಹಿಂದಿನ ಬುಶ್ ಹೋಗಿದೆಯಾ, ಶಾಕ್ ಅಬ್ಸಾರ್ಬರ್ ಎಣ್ಣೆ ಕಾರುತ್ತಿದೆಯಾ ನೋಡಿ. ಹಿಂದಿನ ಸ್ಟೆಬಿಲೈಜರ್ ಬಾರ್ (ಕಾರು ವಾಲದಂತೆ ಎಡ ಬಲ ಚಕ್ರಗಳನ್ನು ಜೋಡಿಸುವ ಕಂಬಿ) ಅನ್ನು ಯಾರೋ ಮೊದಲಿನ ಮಾಲೀಕರು ದಪ್ಪದ್ದು ಹಾಕಿಸಿದ್ದಾರಾ ಅದನ್ನೂ ನೋಡಿ. ದಪ್ಪ ಬಾರ್ ತಿರುವಿನಲ್ಲಿ ಒಳಚಕ್ರವನ್ನು ನೆಲದಿಂದ ಎತ್ತುತ್ತದೆ. ಎತ್ತಿದ ಚಕ್ರ ತಿರುಗದೆ ಇನ್ನೇನು ಮಾಡುತ್ತದೆ? ನನ್ನ ಕಾರಿನಲ್ಲಿ ಹೊಸ ಟೈರ್ ಹಾಕಿದ ಮೇಲೆ ಅರ್ಧ ಕಾಯಿಲೆ ವಾಸಿಯಾಯಿತು. ಉಳಿದ ಅರ್ಧಕ್ಕೆ ಡಿಫ್ ಹುಡುಕಿದೆ.

ಈಗ ಒಳಗೆ ಇರುವುದು ಏನು?

ಇದನ್ನು ತಿಳಿಯದೆ ದುಡ್ಡು ಕೊಡಬೇಡಿ. ಕೆಲವು ಕಾರುಗಳಿಗೆ ಕಂಪನಿಯೇ ಎಲ್‌ಎಸ್‌ಡಿ ಕೊಟ್ಟಿರುತ್ತದೆ. 2016ರಲ್ಲಿ ನಮ್ಮ ದೇಶಕ್ಕೆ ಬಂದ ಫೋರ್ಡ್ ಮಸ್ಟಾಂಗ್ ಜಿಟಿಯಲ್ಲಿ ಇತ್ತು. ಬಿಎಂಡಬ್ಲ್ಯೂ ಎಂ ಕಾರುಗಳಲ್ಲಿ ಇರುತ್ತದೆ. ಅದೇ ಕಂಪನಿಯ ಸಾಮಾನ್ಯ ತ್ರೀ ಸೀರೀಸ್‌ಗಳಲ್ಲಿ ಹೆಚ್ಚಾಗಿ ಓಪನ್ ಡಿಫ್, ಜೊತೆಗೆ ಜಾರುವ ಚಕ್ರಕ್ಕೆ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ ವ್ಯವಸ್ಥೆ. ಹಳೆಯ ಕಾಂಟೆಸಾ, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡು ಎಂಜಿನ್ ಬದಲಾಯಿಸಿದವರ ಹತ್ತಿರ ಇರುವುದು ಓಪನ್ ಡಿಫ್.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸಮತಟ್ಟು ನೆಲ ಬೇಕು. ಮುಂದಿನ ಚಕ್ರಗಳು ಉರುಳದಂತೆ ಅವುಗಳ ಮುಂದೆ, ಹಿಂದೆ ಎರಡೂ ಕಡೆ ಅಡ್ಡ ಕೊಡಿ. ಹಿಂದಿನ ಎರಡೂ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಬೇಡಿ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಡಿ. ಈಗ ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇನ್ನೊಂದು ಚಕ್ರ ಉಲ್ಟಾ ತಿರುಗಿದರೆ ಓಪನ್ ಇರಬಹುದು. ಅದೇ ದಿಕ್ಕಿಗೆ ತಿರುಗಿದರೆ ಪ್ಲೇಟ್ ಮಾದರಿಯ ಎಲ್‌ಎಸ್‌ಡಿ ಇರುವ ಸಂಭವ ಜಾಸ್ತಿ (ಮಾದರಿಗಳ ವಿವರ ಮುಂದಿದೆ). "ಇರಬಹುದು" ಅಂದದ್ದಕ್ಕೆ ಕಾರಣ ಇದೆ. ಟಾರ್ಸೆನ್ ತರಹದ ಗೇರ್ ಮಾದರಿಯವು ಭಾರ ಬೀಳದೆ ಹಿಡಿಯುವುದಿಲ್ಲ, ಹಾಗಾಗಿ ಕೈಯಲ್ಲಿ ತಿರುಗಿಸಿದರೆ ಅವೂ ಓಪನ್ ಡಿಫ್ ಹಾಗೆಯೇ ಉಲ್ಟಾ ತಿರುಗಬಹುದು. ಅನುಮಾನ ಇದ್ದರೆ ಡಿಫ್ ಹೌಸಿಂಗ್ ಮೇಲಿನ ತಗಡು ಅಥವಾ ಸ್ಟಿಕ್ಕರ್ ಒರೆಸಿ ಓದಿ, ಚಾಸಿಸ್ ನಂಬರ್ ಕೊಟ್ಟು ಕಂಪನಿಯ ಪಾರ್ಟ್ಸ್ ಪಟ್ಟಿಯಲ್ಲಿ ನೋಡಿಸಿ.

ಇಲ್ಲಿ ಒಂದು ಎಚ್ಚರಿಕೆ. ಎಲ್‌ಎಸ್‌ಡಿ ಇರುವ ಕಾರಿನ ಒಂದೇ ಚಕ್ರ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಬೇಡಿ. ನೆಲದ ಮೇಲಿರುವ ಚಕ್ರಕ್ಕೂ ಶಕ್ತಿ ಹೋಗಿ ಕಾರು ಜಾಕಿನಿಂದ ಹಾರುತ್ತದೆ. ಪಂಕ್ಚರ್ ಅಂಗಡಿಯ ಹುಡುಗರಿಗೂ ಇದನ್ನು ಹೇಳಿ.

ಯಾವ ಮಾದರಿ? ನಿಧಾನವಾಗಿ ಓದಬೇಕಾದ ಭಾಗ ಇದು

ಹಿಂದೊಮ್ಮೆ ಇದು ರೇಸಿನವರ ತಲೆನೋವು ಮಾತ್ರ ಆಗಿತ್ತು. 1930ರ ದಶಕದಲ್ಲಿ ಆಟೋ ಯೂನಿಯನ್‌ನ ಗ್ರ್ಯಾಂಡ್ ಪ್ರೀ ಕಾರುಗಳ ಒಳಚಕ್ರ ತಿರುವಿನಲ್ಲಿ ಜಾರಿ ಹೊಗೆ ಎಬ್ಬಿಸುತ್ತಿತ್ತು. ಫರ್ಡಿನಾಂಡ್ ಪೋರ್ಷೆ ಅದಕ್ಕೆ ಪರಿಹಾರ ಕೇಳಿದ್ದು ಜರ್ಮನಿಯ ಝಡ್‌ಎಫ್ ಕಂಪನಿಯ ಹತ್ತಿರ. ಇವತ್ತು ಪೇಟೆಯಲ್ಲಿ ಸಿಗುವವುಗಳನ್ನು ನಾನು ಮೂರು ಗುಂಪಾಗಿ ನೋಡುತ್ತೇನೆ.

ಮೊದಲನೆಯದು ಪ್ಲೇಟ್ ಅಥವಾ ಕ್ಲಚ್ ಮಾದರಿ. ಒಳಗೆ ಬೈಕಿನ ಕ್ಲಚ್ ಹಾಗೆ ಒಂದರ ಮೇಲೊಂದು ಫ್ರಿಕ್ಷನ್ ಪ್ಲೇಟುಗಳು. ಆಕ್ಸಿಲರೇಟರ್ ಒತ್ತಿದಾಗ ನಡುವಿನ ಪಿನ್ ಇಳಿಜಾರು ಮುಖಗಳ ಮೇಲೆ ಹತ್ತುತ್ತದೆ, ಎರಡು ರಿಂಗುಗಳು ದೂರ ಸರಿದು ಪ್ಲೇಟುಗಳನ್ನು ಒತ್ತುತ್ತವೆ, ಎರಡೂ ಚಕ್ರಗಳು ಜೋಡಿಯಾಗುತ್ತವೆ. ಆ ಇಳಿಜಾರನ್ನು ರ‍್ಯಾಂಪ್ ಅನ್ನುತ್ತಾರೆ. ರ‍್ಯಾಂಪ್ ಕೋನ ಕಡಿಮೆ ಇದ್ದಷ್ಟು ಹಿಡಿತ ಜಾಸ್ತಿ: 30 ಡಿಗ್ರಿ ಜೋರಾಗಿ ಹಿಡಿಯುತ್ತದೆ, 60 ಮೆತ್ತಗೆ, 80 ದಾಟಿದರೆ ಹೆಸರಿಗೆ ಮಾತ್ರ. ಎಲ್ಲ ತಯಾರಕರೂ ಕೋನವನ್ನು ಒಂದೇ ಕಡೆಯಿಂದ ಅಳೆಯುವುದಿಲ್ಲ, ಕೊಳ್ಳುವ ಮುಂಚೆ ಕೇಳಿ.

ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಹಿಡಿಯುವುದು ಒನ್ ವೇ. ಕೊಟ್ಟಾಗಲೂ ಬಿಟ್ಟಾಗಲೂ ಸಮನಾಗಿ ಹಿಡಿಯುವುದು ಟೂ ವೇ. ಬಿಟ್ಟಾಗ ಸ್ವಲ್ಪ ಮಾತ್ರ ಹಿಡಿಯುವುದು ಒನ್ ಪಾಯಿಂಟ್ ಫೈವ್ ವೇ. ಇದು ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಆಗುಂಬೆ ಘಾಟಿ ಇಳಿಯುವಾಗ ದೊಡ್ಡದು. 14 ಹೇರ್‌ಪಿನ್ ತಿರುವು, ಒದ್ದೆ ರಸ್ತೆ, ಕಾಲು ಆಕ್ಸಿಲರೇಟರಿನಿಂದ ತೆಗೆದಿದ್ದೀರಿ. ಟೂ ವೇ ಡಿಫ್ ಆಗಲೂ ಎರಡು ಹಿಂಚಕ್ರಗಳನ್ನು ಜೋಡಿ ಎತ್ತಿನ ಹಾಗೆ ನೊಗಕ್ಕೆ ಕಟ್ಟಿರುತ್ತದೆ. ಅವು ನೇರ ಹೋಗಲು ನೋಡುತ್ತವೆ. ನೀವು ಸ್ಟೀರಿಂಗ್ ತಿರುಗಿಸಿದರೂ ಕಾರಿನ ಮೂತಿ ಹೊರಗಿನ ತಡೆಗೋಡೆಯ ಕಡೆಗೆ ತಳ್ಳುತ್ತದೆ. ಡ್ರಿಫ್ಟ್ ಮಾಡುವವರಿಗೆ ಟೂ ವೇ ಬೇಕು. ಹೆಬ್ರಿ, ಸೋಮೇಶ್ವರ ದಾರಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಹೋಗುವವರಿಗೆ ಅದು ಬೇಡ. ಇನ್ನೊಂದು ವಿಷಯ: ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಇರುವ ಕಾರು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ಸರಿಮಾಡಲು ನೋಡುತ್ತದೆ. ಬ್ರೇಕ್ ಹಾಕುವಾಗಲೂ ಡಿಫ್ ಗಟ್ಟಿ ಹಿಡಿದಿದ್ದರೆ ಒಂದು ಚಕ್ರದ ಬ್ರೇಕ್ ಇನ್ನೊಂದಕ್ಕೂ ಹೋಗುತ್ತದೆ, ಕಂಪ್ಯೂಟರಿನ ಲೆಕ್ಕ ತಪ್ಪುತ್ತದೆ.

ಪ್ಲೇಟ್ ಮಾದರಿಗೆ ಪ್ರೀಲೋಡ್ ಅಂತ ಇನ್ನೊಂದು ಗುಣ. ಒಳಗಿನ ಸ್ಪ್ರಿಂಗ್ ಪ್ಲೇಟುಗಳನ್ನು ಯಾವಾಗಲೂ ಸ್ವಲ್ಪ ಒತ್ತಿ ಹಿಡಿದಿರುತ್ತದೆ. ಇದರಿಂದಾಗಿ ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೂ ಇನ್ನೊಂದಕ್ಕೆ ಸ್ವಲ್ಪ ಶಕ್ತಿ ಸಿಗುತ್ತದೆ. ಪ್ರೀಲೋಡ್ ಜಾಸ್ತಿ ಇದ್ದರೆ ಮಾಲ್‌ನ ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟ ಕಟ ಶಬ್ದ, ಟೈರ್ ಕಿರುಚಾಟ. ಜನ ತಿರುಗಿ ನೋಡುತ್ತಾರೆ. ಪ್ಲೇಟುಗಳು ಸವೆಯುತ್ತವೆ, ಆಗ ಬಿಚ್ಚಿ ಹೊಸದು ಹಾಕಬೇಕು. ಕರಾವಳಿಯಲ್ಲಿ ಅದನ್ನು ಮಾಡುವ ಕೈಗಳು ಕಡಿಮೆ.

ಎರಡನೆಯದು ಹೆಲಿಕಲ್ ಗೇರ್ ಮಾದರಿ. ಟಾರ್ಸೆನ್, ಕ್ವೈಫ್ ಹೆಸರು ಕೇಳಿರುತ್ತೀರಿ. ಅಮೆರಿಕದ ವರ್ನನ್ ಗ್ಲೀಸ್ಮನ್ 1958ರಲ್ಲಿ ಪೇಟೆಂಟ್ ಪಡೆದ ಡಿಫ್‌ನಿಂದ ಟಾರ್ಸೆನ್ ಬೆಳೆಯಿತು. ಇದರಲ್ಲಿ ಪ್ಲೇಟು ಇಲ್ಲ. ಓರೆ ಹಲ್ಲಿನ ಗೇರುಗಳು ಭಾರ ಬಿದ್ದಾಗ ಪಕ್ಕಕ್ಕೆ ಒತ್ತಿ ಹೌಸಿಂಗಿಗೆ ಉಜ್ಜುತ್ತವೆ. ಆ ಉಜ್ಜುವಿಕೆಯೇ ಹಿಡಿತ. ಸದ್ದಿಲ್ಲ, ಸ್ಟೀರಿಂಗಿನಲ್ಲಿ ಜಗ್ಗಾಟ ಇಲ್ಲ, ಎಣ್ಣೆ ಸರಿಯಾಗಿ ನೋಡಿಕೊಂಡರೆ ಕಾರಿನಷ್ಟೇ ಬಾಳುತ್ತದೆ. ಹೋಂಡಾ ಎಸ್2000ಕ್ಕೆ, ಟೊಯೋಟಾ 86ಕ್ಕೆ ಕಂಪನಿಯವರು ಇದನ್ನೇ ಆರಿಸಿದ್ದರು.

ಇದಕ್ಕೂ ಒಂದು ಕೊರತೆ ಇದೆ. ಇದು ಗುಣಾಕಾರದ ಯಂತ್ರ. ಕಡಿಮೆ ಹಿಡಿತದ ಚಕ್ರಕ್ಕೆ ಸಿಗುವ ಟಾರ್ಕನ್ನು ಎರಡೋ ಮೂರೋ ಪಟ್ಟು ಮಾಡಿ ಇನ್ನೊಂದಕ್ಕೆ ಕೊಡುತ್ತದೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ಅಲ್ವಾ? ಚಕ್ರ ಗಾಳಿಯಲ್ಲಿದ್ದರೆ ಇದು ಓಪನ್ ಡಿಫ್ ಹಾಗೆ ಆಗಿಬಿಡುತ್ತದೆ. ಆಗ ಬ್ರೇಕನ್ನು ಸ್ವಲ್ಪವೇ ಸ್ವಲ್ಪ ಒತ್ತಿ ಹಿಡಿದು ಆಕ್ಸಿಲರೇಟರ್ ಕೊಟ್ಟರೆ ತಿರುಗುವ ಚಕ್ರಕ್ಕೆ ಭಾರ ಬಿದ್ದು ಡಿಫ್ ಮತ್ತೆ ಕೆಲಸ ಶುರು ಮಾಡುತ್ತದೆ. ನಮ್ಮ ಮನೆಯ ಏರಿನಲ್ಲಿ ನಾನು ಮಾಡುವುದು ಇದನ್ನೇ.

ಮೂರನೆಯ ಗುಂಪಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಿಸ್ಕಸ್ ಡಿಫ್: ದಪ್ಪ ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿದ ತಗಡುಗಳು. ಚಕ್ರ ಜಾರಿದ ಮೇಲೆ ನಿಧಾನಕ್ಕೆ ಎಚ್ಚರಗೊಳ್ಳುತ್ತದೆ, ವಯಸ್ಸಾದಂತೆ ಸಡಿಲವಾಗುತ್ತದೆ. ಮಜ್ದಾ ಎಂಎಕ್ಸ್-5 ಮೊದಲು 1.6 ಲೀಟರ್ ಎಂಜಿನ್ ಜೊತೆ ವಿಸ್ಕಸ್ ಕೊಡುತ್ತಿತ್ತು, 1.8 ಲೀಟರ್ ಬಂದಾಗ ಟಾರ್ಸೆನ್‌ಗೆ ಬದಲಾಯಿಸಿತು. ಹಳೆಯ ವಿಸ್ಕಸ್ ಡಿಫ್ ಕಡಿಮೆ ಬೆಲೆಗೆ ಸಿಕ್ಕಿತು ಅಂತ ತರಬೇಡಿ. ಬ್ರೇಕ್ ಹಾಕಿ ಹಿಡಿತ ಕೊಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಏರು ಹತ್ತಲು ಅಷ್ಟಿಷ್ಟು ಸಾಕು, ಜೋರಾಗಿ ಓಡಿಸಿದರೆ ಹಿಂದಿನ ಬ್ರೇಕ್ ಪ್ಯಾಡ್ ತಿನ್ನುತ್ತದೆ. 2020ರ ಮಹೀಂದ್ರಾ ಥಾರ್‌ನಲ್ಲಿ ಬಂದ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಕೆಸರಿಗೆ, ನಿಧಾನ ವೇಗಕ್ಕೆ ಮಾಡಿದ್ದು. ಅದು ಪೂರ್ತಿ ಲಾಕ್ ಆಗುತ್ತದೆ, ಸ್ಪೋರ್ಟ್ಸ್ ಕಾರಿನ ಲೆಕ್ಕಕ್ಕೆ ಬರುವುದಿಲ್ಲ. ಇನ್ನು, ಒಳಗಿನ ಗೇರುಗಳನ್ನು ವೆಲ್ಡ್ ಮಾಡಿಸುವುದು. "ಸಾವಿರ ರೂಪಾಯಿಯಲ್ಲಿ ಎಲ್‌ಎಸ್‌ಡಿ" ಅಂತ ಯಾರಾದರೂ ಹೇಳಿದರೆ ಚಹಾ ಕುಡಿಸಿ ಕಳುಹಿಸಿ. ನಂತೂರು ಸರ್ಕಲ್ ಒಂದು ಸುತ್ತು ಹಾಕುವಷ್ಟರಲ್ಲಿ ಟೈರ್ ಕೂಗುತ್ತದೆ, ಮಳೆಯಲ್ಲಿ ಬಾಲ ಯಾವ ಕಡೆ ಹೋಗುತ್ತದೆ ಅಂತ ಹೇಳಲಾಗದು, ಒಂದು ದಿನ ಆಕ್ಸಲ್ ಮುರಿಯುತ್ತದೆ.

ಅಂಕಿಗಳ ಭಾಷೆ

ಪ್ಲೇಟ್ ಡಿಫ್ ಮಾರುವವರು "25 ಪರ್ಸೆಂಟ್ ಲಾಕ್", "40 ಪರ್ಸೆಂಟ್ ಲಾಕ್" ಅನ್ನುತ್ತಾರೆ. ಹೆಲಿಕಲ್ ಮಾರುವವರು "ಬಯಾಸ್ ರೇಶಿಯೋ 2.5" ಅನ್ನುತ್ತಾರೆ. ಎರಡನ್ನೂ ಹೋಲಿಸಲು ಬರದೆ ನಾನು ತುಂಬಾ ದಿನ ತಲೆ ಕೆರೆದುಕೊಂಡೆ. ಲೆಕ್ಕ ಸುಲಭ. ಲಾಕ್ ಪರ್ಸೆಂಟ್ ಅಂದರೆ ಎರಡು ಚಕ್ರಗಳ ಟಾರ್ಕ್ ನಡುವಿನ ವ್ಯತ್ಯಾಸ ಒಟ್ಟಿನಲ್ಲಿ ಎಷ್ಟು ಪಾಲು ಎಂಬುದು. ಬಯಾಸ್ ರೇಶಿಯೋ ಅಂದರೆ ಅದೇ ಎರಡು ಟಾರ್ಕ್‌ಗಳ ಅನುಪಾತ. 25 ಪರ್ಸೆಂಟ್ ಇದ್ದರೆ ಹಂಚಿಕೆ 62.5ಕ್ಕೆ 37.5, ಅಂದರೆ ಅನುಪಾತ ಸುಮಾರು 1.7. 40 ಪರ್ಸೆಂಟ್ ಇದ್ದರೆ 70ಕ್ಕೆ 30, ಅನುಪಾತ ಸುಮಾರು 2.3. ಅನುಪಾತ 3 ಇದ್ದರೆ ಅದು 50 ಪರ್ಸೆಂಟ್ ಲಾಕ್‌ಗೆ ಸಮ.

ಪಾಚಿಯ ಏರಿಗೆ ಮರಳಿ ಬನ್ನಿ. ಎಡಚಕ್ರ ತಡೆಯುವುದು 200. ಬಯಾಸ್ 2.5ರ ಹೆಲಿಕಲ್ ಇದ್ದರೆ ಬಲಚಕ್ರಕ್ಕೆ 500 ಸಿಗುತ್ತದೆ, ಒಟ್ಟು 700. ಓಪನ್ ಡಿಫ್‌ನಲ್ಲಿ 400 ಇತ್ತು, ನೆನಪಿದೆಯಲ್ಲ? ಕಾರು ಹತ್ತುವುದಕ್ಕೂ ಜಾರಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಅದು.

ಹಾಗಾದರೆ ಅಂಕಿ ದೊಡ್ಡದಿದ್ದಷ್ಟು ಒಳ್ಳೆಯದಲ್ವಾ? ಅಲ್ಲ. ಒದ್ದೆ ರಸ್ತೆಯ ತಿರುವಿನಲ್ಲಿ ಓಪನ್ ಡಿಫ್ ಇರುವ ಕಾರಿಗೆ ಜಾಸ್ತಿ ಆಕ್ಸಿಲರೇಟರ್ ಕೊಟ್ಟರೆ ಒಳಚಕ್ರ ಮಾತ್ರ ಜಾರುತ್ತದೆ. ಹೊರಚಕ್ರ ರಸ್ತೆಯನ್ನು ಹಿಡಿದುಕೊಂಡೇ ಇರುತ್ತದೆ, ಕಾರಿನ ಬಾಲ ಅಲ್ಲೇ ಇರುತ್ತದೆ. ಮುಜುಗರ ಆಗುತ್ತದೆ, ಅಪಾಯ ಇಲ್ಲ. ಗಟ್ಟಿ ಎಲ್‌ಎಸ್‌ಡಿ ಇದ್ದರೆ ಎರಡೂ ಚಕ್ರ ಒಟ್ಟಿಗೆ ಜಾರುತ್ತವೆ. ಅಡ್ಡ ಹಿಡಿಯಲು ಯಾವ ಚಕ್ರವೂ ಉಳಿದಿರುವುದಿಲ್ಲ. ಬಾಲ ಸರ್ರನೆ ಹೊರಗೆ ಬರುತ್ತದೆ. ಎಲ್‌ಎಸ್‌ಡಿ ಹೊಸ ಹಿಡಿತ ಹುಟ್ಟಿಸುವುದಿಲ್ಲ, ಇದ್ದ ಹಿಡಿತವನ್ನು ಹಂಚುತ್ತದೆ ಅಷ್ಟೇ. ಜುಲೈಯಲ್ಲಿ ಚಾರ್ಮಾಡಿಯಲ್ಲಿ ಹಂಚಲು ಇರುವುದೇ ಕಡಿಮೆ.

ಹಾಗಾಗಿ ನನ್ನ ಅಭಿಪ್ರಾಯ ಹೀಗಿದೆ. ದಿನಾ ಓಡಿಸುವ ಕಾರು, ತಿಂಗಳಿಗೊಮ್ಮೆ ಘಾಟಿ, ವರ್ಷಕ್ಕೆ ಒಂದೆರಡು ಸಲ ಕೊಯಮತ್ತೂರಿನ ಕಾರಿ ಸ್ಪೀಡ್‌ವೇಯಲ್ಲೋ ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈಯಲ್ಲೋ ಟ್ರ್ಯಾಕ್ ಡೇ ಅಂತಾದರೆ ಬಯಾಸ್ 2ರಿಂದ 2.5ರ ಹೆಲಿಕಲ್ ತೆಗೆದುಕೊಳ್ಳಿ, ಮುಗಿಯಿತು. ಆಟೋಕ್ರಾಸ್, ಮಣ್ಣಿನ ರ‍್ಯಾಲಿ ಅಂತ ನಿಜವಾಗಿ ಓಡಿಸುವವರಾದರೆ ಚಕ್ರ ನೆಲ ಬಿಡುವುದು ಸಾಮಾನ್ಯ, ಆಗ ಪ್ಲೇಟ್ ಮಾದರಿ. ಒನ್ ಪಾಯಿಂಟ್ ಫೈವ್ ವೇ, ಪ್ರೀಲೋಡ್ ಕಡಿಮೆ. ಮೊದಲು ಮೆತ್ತಗೆ ಹೊಂದಿಸಿ ಓಡಿಸಿ, ಸಾಲದಿದ್ದರೆ ಮುಂದಿನ ಸಲ ಬಿಚ್ಚಿದಾಗ ಏರಿಸಿ. ಬರೀ ಮನೆಯ ಏರು ಹತ್ತಬೇಕು ಅನ್ನುವವರಿಗೆ ಯಾವುದೂ ಬೇಡ. ಪಾಚಿ ಉಜ್ಜಿ ತೆಗೆಯಲು ಬ್ಲೀಚಿಂಗ್ ಪೌಡರ್ ಸಾಕು.

ಕೊಳ್ಳುವಾಗ ಹೊಂದಿಸಿ ನೋಡಬೇಕಾದ್ದು

ಒಂದೇ ಮಾಡೆಲ್ ಕಾರಿನಲ್ಲೂ ಎಂಜಿನ್ ಪ್ರಕಾರ ಡಿಫ್ ಗಾತ್ರ ಬೇರೆ ಇರುತ್ತದೆ. ಬಿಎಂಡಬ್ಲ್ಯೂನಲ್ಲಿ 168, 188 ಅಂತ ಹೇಳುವುದು ಕ್ರೌನ್ ವೀಲಿನ, ಅಂದರೆ ಡಿಫ್ ಒಳಗಿನ ದೊಡ್ಡ ಗೇರಿನ, ಮಿಲಿಮೀಟರ್ ಅಳತೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಆಕ್ಸಲಿನ ಸ್ಪ್ಲೈನ್ ಹಲ್ಲು ಎಷ್ಟು, ಬೇರಿಂಗ್ ಒಳ ಅಳತೆ ಎಷ್ಟು, ಕ್ರೌನ್ ಬೋಲ್ಟ್ ಎಷ್ಟು ಎಂದು ಎಣಿಸಿ ಬರೆದುಕೊಂಡೇ ಆರ್ಡರ್ ಮಾಡಿ.

ಪೂರ್ತಿ ಡಿಫ್ ಅಸೆಂಬ್ಲಿಯನ್ನೇ ತರುವುದಾದರೆ ರೇಶಿಯೋ, ಅಂದರೆ ಚಕ್ರ ಒಂದು ಸುತ್ತು ಬರಲು ಎಂಜಿನ್ ಕಡೆಯ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು, ನೋಡಿ. 3.38 ಇದ್ದ ಕಡೆ 3.73 ಬಂದರೆ ಅದೇ ವೇಗಕ್ಕೆ ಎಂಜಿನ್ ಸುಮಾರು 10 ಪರ್ಸೆಂಟ್ ಜಾಸ್ತಿ ತಿರುಗುತ್ತದೆ. ಘಾಟಿಯಲ್ಲಿ ಖುಷಿ, ಹೈವೇ 66ರಲ್ಲಿ ಕುಂದಾಪುರದವರೆಗೆ ಹೋಗುವಾಗ ಪೆಟ್ರೋಲ್ ಖರ್ಚು.

ಹಳೆಯ ಪ್ಲೇಟ್ ಡಿಫ್ ಕೊಳ್ಳುವುದಾದರೆ ಡ್ರೈನ್ ಪ್ಲಗ್ಗಿನ ಅಯಸ್ಕಾಂತ ನೋಡಲು ಕೇಳಿ. ಕಾಡಿಗೆಯಂತಹ ನುಣ್ಣನೆ ಪೇಸ್ಟ್ ಇದ್ದರೆ ಸಹಜ. ಚೂರುಗಳಿದ್ದರೆ ಬಿಟ್ಟು ಬನ್ನಿ. ಒಂದು ಬದಿಯನ್ನು ಹಿಡಿದು ಇನ್ನೊಂದನ್ನು ಟಾರ್ಕ್ ರೆಂಚಿನಲ್ಲಿ ತಿರುಗಿಸಿದರೆ ಪ್ರೀಲೋಡ್ ಎಷ್ಟು ಉಳಿದಿದೆ ಅಂತ ಅಂಕಿಯಲ್ಲೇ ಸಿಗುತ್ತದೆ. ತಯಾರಕರು ಕೊಟ್ಟ ಅಂಕಿಗಿಂತ ತುಂಬಾ ಕೆಳಗಿದ್ದರೆ ಪ್ಲೇಟಿನ ಖರ್ಚನ್ನೂ ಸೇರಿಸಿ ಬೆಲೆ ಮಾತಾಡಿ. ವಿದೇಶದಿಂದ ತರಿಸುವವರು ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಮೂರನ್ನೂ ಕೂಡಿಸಿದ ಮೇಲೆ ಮನೆಯವರಿಗೆ ಬೆಲೆ ಹೇಳುವುದು ಒಳ್ಳೆಯದು. ಇನ್ಶೂರೆನ್ಸ್ ಕಂಪನಿಗೂ ಒಂದು ಪತ್ರ ಬರೆದು ಬದಲಾವಣೆ ತಿಳಿಸಿಬಿಡಿ.

ಕೂರಿಸುವ ಕೈ

ನಾನು ಪೆಟ್ಟು ತಿಂದದ್ದು ಇಲ್ಲಿ. ಒಳ್ಳೆಯ ಡಿಫ್ ತಂದೆ, ಒಂದು ಗ್ಯಾರೇಜಿಗೆ ಕೊಟ್ಟೆ. "ನಾಳೆ ಸಾಯಂಕಾಲ ಬನ್ನಿ" ಅಂದರು. ಹೋದೆ, ತಂದೆ. ಮಾರನೇ ದಿನ ಉಡುಪಿಗೆ ಹೊರಟರೆ ಮೂಲ್ಕಿ ದಾಟುವಷ್ಟರಲ್ಲಿ ಹಿಂದಿನಿಂದ ಹೂಂ ಅಂತ ಊಳಿಡುವ ಶಬ್ದ. 80ರಲ್ಲಿ ಜೋರು, ಕಾಲು ತೆಗೆದರೆ ಕಡಿಮೆ. ಹಳೆಯ ಶಿಮ್‌ಗಳನ್ನೇ (ಸಂದು ಹೊಂದಿಸುವ ತೆಳು ತಗಡಿನ ಬಳೆಗಳು) ಹಾಕಿ, ಕೈ ಅಂದಾಜಿನಲ್ಲಿ ಕೂರಿಸಿದ್ದರು. ತಿರುಗಿ ಬಿಚ್ಚುವ ಹೊತ್ತಿಗೆ ಕ್ರೌನ್, ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್, ಎರಡರ ಹಲ್ಲೂ ಹಾಳಾಗಿತ್ತು. ಡಿಫ್‌ಗೆ ಏನೂ ಆಗಿರಲಿಲ್ಲ, ಜೇಬಿಗೆ ಆಗಿತ್ತು.

ಆಮೇಲೆ ಕಲಿತದ್ದು: ಈ ಕೆಲಸಕ್ಕೆ ಫ್ಯಾನ್ಸಿ ಕಾರ್ ಗ್ಯಾರೇಜಿಗಿಂತ ಲಾರಿಯ ಆಕ್ಸಲ್ ಬಿಚ್ಚಿ ಕಟ್ಟುವ ಮೇಸ್ತ್ರಿ ವಾಸಿ. ಬಂದರು, ಕಾರ್ಖಾನೆ ಇರುವ ಊರು ನಮ್ಮದು. ಬೈಕಂಪಾಡಿ ಕಡೆ ದಿನಾ ಕ್ರೌನ್ ಪಿನಿಯನ್ ಕೂರಿಸುವವರು ಸಿಗುತ್ತಾರೆ. ಯಾರ ಹತ್ತಿರವೇ ಹೋಗಿ, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಡಯಲ್ ಗೇಜ್ ಉಂಟಾ?" ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್, ಮಿಲಿಮೀಟರಿನ ಹತ್ತನೇ ಒಂದೆರಡು ಪಾಲಿನ ಲೆಕ್ಕ. ಅದು ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಕಾರಿಗೆ ಎಷ್ಟಿರಬೇಕು ಅಂತ ವರ್ಕ್‌ಶಾಪ್ ಮ್ಯಾನ್ಯುಯಲ್‌ನಿಂದ ತೆಗೆದು ಕಾಗದದಲ್ಲಿ ಬರೆದು ಕೊಡಿ. ಬಣ್ಣದ ಪೇಸ್ಟ್ ಹಚ್ಚಿ ತಿರುಗಿಸಿದರೆ ಹಲ್ಲಿನ ಮೇಲೆ ಗುರುತು ಬೀಳುತ್ತದೆ. ಗುರುತು ಹಲ್ಲಿನ ನಡುವೆ ಇರಬೇಕು, ತುದಿಗೋ ಬುಡಕ್ಕೋ ಸರಿದಿದ್ದರೆ ಶಿಮ್ ಬದಲಾಯಿಸಿ ಮತ್ತೆ ನೋಡಬೇಕು. ಇದಕ್ಕೆ ಒಂದು ದಿನ ಹಿಡಿದರೆ ಹಿಡಿಯಲಿ. ಬೇರಿಂಗ್, ಆಯಿಲ್ ಸೀಲ್, ಕ್ರೌನ್ ಬೋಲ್ಟ್ ಮೂರೂ ಹೊಸದೇ ಆಗಬೇಕು. ಗುರುತಿನ ಫೋಟೋ ತೆಗೆದಿಟ್ಟುಕೊಳ್ಳಿ.

ಎಣ್ಣೆ ಮತ್ತು ಮೊದಲ ಕಿಲೋಮೀಟರ್‌ಗಳು

ಪ್ಲೇಟ್ ಮಾದರಿಗೆ ಎಲ್‌ಎಸ್‌ಡಿ ಅಂತಲೇ ಬರೆದ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕು. 75ಡಬ್ಲ್ಯೂ-90 ಅಥವಾ 75ಡಬ್ಲ್ಯೂ-140, ತಯಾರಕರು ಹೇಳಿದ್ದು. ಅದರಲ್ಲಿ ಫ್ರಿಕ್ಷನ್ ಮಾಡಿಫೈಯರ್ ಇರುತ್ತದೆ, ಪ್ಲೇಟುಗಳು ಕಟಕಟ ಅನ್ನದ ಹಾಗೆ ನೋಡಿಕೊಳ್ಳುತ್ತದೆ. ಹೆಲಿಕಲ್‌ಗೆ ಮಾಡಿಫೈಯರ್ ಬೇಕಿಲ್ಲ. ಅಲ್ಲಿ ಉಜ್ಜುವಿಕೆಯೇ ಕೆಲಸ ಮಾಡುವುದು, ಅದಕ್ಕೇ ಜಾರುವ ಮದ್ದು ಹಾಕಿದರೆ ಏನು ಬಂತು?

ಹೊಸ ಪ್ಲೇಟ್ ಡಿಫ್ ಹೊಂದಿಕೊಳ್ಳಲು ಸಮಯ ಬೇಕು. ಖಾಲಿ ಮೈದಾನ ಇದ್ದರೆ, ಅಲ್ಲಿಯವರ ಒಪ್ಪಿಗೆ ಕೇಳಿ, ನಿಧಾನ ವೇಗದಲ್ಲಿ ಇಂಗ್ಲಿಷಿನ 8ರ ಆಕಾರದಲ್ಲಿ ಹದಿನೈದು ಇಪ್ಪತ್ತು ನಿಮಿಷ ಸುತ್ತಿ. ಕಾರು ತಣಿಯಲಿ, ಇನ್ನೊಮ್ಮೆ ಸುತ್ತಿ. ಪಣಂಬೂರು, ಮಲ್ಪೆ ಬೀಚಿನ ಮರಳು ಇದಕ್ಕೆ ಬೇಡವೇ ಬೇಡ. ಉಪ್ಪುನೀರು ಡಿಫ್ ಹೌಸಿಂಗಿನಿಂದ ಹಿಡಿದು ಬ್ರೇಕ್ ಪೈಪಿನವರೆಗೆ ಎಲ್ಲವನ್ನೂ ತಿನ್ನುತ್ತದೆ. ಮೊದಲ 500 ಕಿಲೋಮೀಟರ್ ಮೆತ್ತಗೆ ಓಡಿಸಿ ಎಣ್ಣೆ ಬದಲಾಯಿಸಿ. ಇಳಿಸಿದ ಎಣ್ಣೆ ಬೆಳ್ಳಿಬಣ್ಣಕ್ಕೆ ಮಿನುಗಿದರೆ ಹೆದರಬೇಡಿ, ಅದು ಹೊಸ ಪ್ಲೇಟುಗಳ ಪುಡಿ.

ಟೈರ್ ವಿಷಯದಲ್ಲಿ ಮಾತ್ರ ಇನ್ನು ಜಿಪುಣತನ ನಡೆಯುವುದಿಲ್ಲ. ಹಿಂದಿನ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಒಂದು ಹೊಸದು, ಒಂದು ಸವೆದದ್ದು ಇದ್ದರೆ ನೇರ ರಸ್ತೆಯಲ್ಲೂ ಡಿಫ್ ದಿನವಿಡೀ ಉಜ್ಜುತ್ತಾ ಬಿಸಿಯಾಗುತ್ತದೆ. ಸಣ್ಣ ಗಾತ್ರದ ಸ್ಟೆಪ್ನಿಯನ್ನು ಹಿಂದೆ ಹಾಕಿದರೆ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ, ಅದೂ ನಿಧಾನವಾಗಿ.

ಹೊಸ ಡಿಫ್ ಜೊತೆ ಮೊದಲ ಮಳೆ ಬಂದಾಗ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡುವ ಆಸೆ ಬರುತ್ತದೆ. ಮಾಡಬೇಡಿ. ಬಾಲ ಎಲ್ಲಿಂದ, ಎಷ್ಟು ಬೇಗ ಹೊರಬರುತ್ತದೆ ಅನ್ನುವುದು ಬದಲಾಗಿರುತ್ತದೆ, ನಿಮ್ಮ ಕೈಗೆ ಅದಿನ್ನೂ ಗೊತ್ತಿಲ್ಲ. ಅದನ್ನು ಕಲಿಯುವ ಜಾಗ ಟ್ರ್ಯಾಕ್. ಎದುರಿನಿಂದ ಬಸ್ಸು ಬರುವ ಘಾಟಿಯಲ್ಲ.

ಕೊನೆಯದು ಬ್ರೀದರ್. ಡಿಫ್ ಹೌಸಿಂಗಿನ ಮೇಲೆ ಗಾಳಿ ಆಡಲು ಒಂದು ಸಣ್ಣ ತೂತು ಅಥವಾ ಟೋಪಿ ಇರುತ್ತದೆ. ಕೆಂಪು ಮಣ್ಣು ಕಟ್ಟಿ ಅದು ಮುಚ್ಚಿರುತ್ತದೆ. ಹೈವೇಯಲ್ಲಿ ಓಡಿ ಬಿಸಿಯಾದ ಡಿಫ್, ಮಂಗಳೂರಿನ ಯಾವುದಾದರೂ ತಗ್ಗಿನಲ್ಲಿ ನಿಂತ ಮಳೆನೀರಿಗೆ ಇಳಿದು ಒಮ್ಮೆಲೇ ತಣ್ಣಗಾದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲ್ ಸಂದಿಯಿಂದಲೇ ನೀರು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಪ್ಲಗ್ ಬಿಚ್ಚಿದರೆ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣದಲ್ಲಿರುತ್ತದೆ. ಹಾಗಿದ್ದರೆ ಅದೇ ದಿನ ಎಣ್ಣೆ ಬದಲಾಯಿಸಿ, ನೂರಿನ್ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬದಲಾಯಿಸಿ. ಬ್ರೀದರಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಡಿಕ್ಕಿಯ ತಳದವರೆಗೆ ಎತ್ತರಿಸಿದರೆ ಈ ರಗಳೆಯೇ ಇಲ್ಲ. ನಾನು ಪ್ರತಿ ವರ್ಷ ಮೇ ಕೊನೆಯ ವಾರ ಆ ಪೈಪ್ ತೆಗೆದು ಬಾಯಿಂದ ಊದಿ ನೋಡುತ್ತೇನೆ. ಪಕ್ಕದ ಮನೆಯ ಅಣ್ಣ ಈಗ ಅದನ್ನೂ ನಿಂತು ನೋಡುತ್ತಾರೆ.